ಫೈಲಿನ ಹೆಸರಿಗೆ ಯಾರು ಹೊಣೆ?

ವಿಂಡೋಸ್ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂದು ಹೆಸರಿಟ್ಟ ಫೈಲೊಂದನ್ನು ಹಳೆಯ ಕಾಲದ ಪ್ರೋಗ್ರಾಮಿನಲ್ಲಿ ತೆರೆಯಲು ಹೋದರೆ, ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಕಣ್ಣಿಗೆ ಮೂರೇ ಅಕ್ಷರವಿರುವ ಪದ ಯೂನಿಕೋಡಿನ ಲೆಕ್ಕದಲ್ಲಿ ಐದು: ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ಒಂದೊಂದಕ್ಕೆ ಒಂದೊಂದು ಚಿಹ್ನೆ. ಕ್ಲಿಕ್ ಮಾಡಿದರೆ ಫೈಲು ತೆರೆಯುವುದಿಲ್ಲ, ಏಕೆಂದರೆ ವಿಂಡೋಸಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಯಾವ ಫೈಲಿನ ಹೆಸರಿನಲ್ಲೂ ಇರುವಂತಿಲ್ಲ. ಹುಡುಕಾಟದಲ್ಲಿ ಮಾತ್ರ ಅದಕ್ಕೆ ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥವಿದೆ. ಹಾಗಾಗಿ ‘ಕನ್ನಡ’ವನ್ನು ಹುಡುಕು ಎಂದು ಹೇಳಿದ್ದು ‘ಐದಕ್ಷರದ ಯಾವುದಾದರೂ ಸರಿ’ ಎಂದು ಹೇಳಿದಂತೆ ಆಗಿಬಿಡಬಹುದು.

ಡಿಸ್ಕಿನಲ್ಲಿ ಹೆಸರು ಸರಿಯಾಗಿಯೇ ಇದೆ. ಫಾಂಟು ಇದೆ. ಆಪರೇಟಿಂಗ್ ಸಿಸ್ಟಂನ ಒಳತಿರುಳಾದ ಕರ್ನಲ್ಲಿಗೆ ಕನ್ನಡ ಹೊಸದೇನಲ್ಲ. ಕೆಟ್ಟದ್ದು ನಡುದಾರಿಯಲ್ಲಿ, ಪ್ರೋಗ್ರಾಂ ಮತ್ತು ಆಪರೇಟಿಂಗ್ ಸಿಸ್ಟಂ ಪರಸ್ಪರ ಪಠ್ಯವನ್ನು ಕೈಬದಲಿಸುವ ಜಾಗದಲ್ಲಿ. ಆ ಜಾಗದ ಯಜಮಾನ ಯಾರು? ಪ್ರೋಗ್ರಾಂ ಬರೆದವರೇ, ಕಂಪೈಲರೇ, ಆಪರೇಟಿಂಗ್ ಸಿಸ್ಟಮ್ಮೇ? ಮೂವತ್ತು ವರ್ಷಗಳಿಂದ ಭಾಷೆ ಕಟ್ಟುವವರು ಜಗಳವಾಡುತ್ತಿರುವುದು ಇದರ ಬಗ್ಗೆ. ಇಲ್ಲಿ ಕಂಪೈಲರ್ ಎಂದರೆ ಅದರ ಜೊತೆಗೇ ಬರುವ ರನ್‌ಟೈಮ್ ಲೈಬ್ರರಿಯೂ ಸೇರಿದೆ. ಫೈಲು ತೆರೆಯುವ ಕೆಲಸದಲ್ಲಿ ಕರ್ನಲ್ಲಿನ ಕದ ತಟ್ಟುವುದು ಆ ಲೈಬ್ರರಿಯೇ. ಫೈಲಿನ ಹೆಸರಲ್ಲದೆ ಕಮಾಂಡ್ ಲೈನಿನಲ್ಲಿ ಕೊಟ್ಟ ಮಾತು, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಪರದೆಗೆ ಹೋಗುವ ಸಾಲು, ದೋಷ ಸಂದೇಶ ಇವೆಲ್ಲ ಅದೇ ದಾರಿಯಲ್ಲಿ ಓಡಾಡುತ್ತವೆ.

ಎರಡು ಪರಂಪರೆ, ಒಂದು ತಪ್ಪು ಲೆಕ್ಕ

ಸಿ ಭಾಷೆ ಮತ್ತು ಯುನಿಕ್ಸ್ 1970ರ ದಶಕದ ಆರಂಭದಲ್ಲಿ ಜೊತೆಯಾಗಿ ಬೆಳೆದವು. ಸಿ ಭಾಷೆಗೆ ಪಠ್ಯವೆಂದರೆ ಸಾಲಾಗಿಟ್ಟ ಬೈಟುಗಳು. ಸೊನ್ನೆ ಬೆಲೆಯ ಬೈಟು ಬಂದಲ್ಲಿ ಪಠ್ಯ ಮುಗಿಯಿತು. ಯುನಿಕ್ಸ್ ಕರ್ನಲ್ ಫೈಲಿನ ಹೆಸರಿಗೆ ಹಾಕುವ ನಿಬಂಧನೆ ಎರಡೇ: ಸೊನ್ನೆ ಬೈಟು ಕೂಡದು, ಓರೆಗೆರೆ ಕೂಡದು. ಉಳಿದ 254 ಬೆಲೆಗಳು ಯಾವ ಕ್ರಮದಲ್ಲಿ ಬಂದರೂ ಸಮ್ಮತ. ಅವು ಯಾವ ಲಿಪಿ, ಯಾವ ಭಾಷೆ ಎಂಬುದನ್ನು ಕರ್ನಲ್ ಕೇಳುವುದೇ ಇಲ್ಲ. ಅದು ಓದುವವರ ಲೋಕೇಲಿಗೆ, ಅಂದರೆ ಭಾಷೆ ಮತ್ತು ಅಕ್ಷರ ಸಂಕೇತವನ್ನು ಗೊತ್ತುಮಾಡುವ ಸೆಟ್ಟಿಂಗಿಗೆ, ಬಿಟ್ಟ ವಿಷಯ. ಒಂದೇ ಡಿಸ್ಕಿನ ಒಂದೇ ಫೈಲು ಇಬ್ಬರು ಬಳಕೆದಾರರಿಗೆ ಎರಡು ಹೆಸರಿನಲ್ಲಿ ಕಾಣಬಹುದು. ಲಿನಕ್ಸ್ ಇಂದಿಗೂ ಈ ಸಂಪ್ರದಾಯವನ್ನೇ ನಡೆಸಿಕೊಂಡು ಬಂದಿದೆ.

1991ರ ಅಕ್ಟೋಬರಿನಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಪ್ರಕಟವಾಯಿತು. ಕನ್ನಡ ಅದರಲ್ಲಿತ್ತು, 3200ರಿಂದ 3327ರವರೆಗಿನ 128 ಸ್ಥಾನಗಳು ಅಂದಿನಿಂದಲೂ ನಮ್ಮವು. ಲೋಕದ ಬಳಕೆಯಲ್ಲಿರುವ ಅಕ್ಷರಗಳಿಗೆಲ್ಲ 16 ಬಿಟ್, ಅಂದರೆ 65,536 ಸ್ಥಾನ ಸಾಕು ಎಂದು ಆಗ ನಂಬಿದ್ದರು. ಆ ನಂಬಿಕೆಯ ಮೇಲೆ ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿಯನ್ನು ಕಟ್ಟಿ 1993ರ ಜುಲೈನಲ್ಲಿ ಬಿಡುಗಡೆ ಮಾಡಿತು. ಅದರ ಕರ್ನಲ್ಲಿನಲ್ಲಿ ಹೆಸರುಗಳೆಲ್ಲ 16 ಬಿಟ್‌ನ ತುಂಡುಗಳ ಸಾಲು. ಹಳೆಯ ಪ್ರೋಗ್ರಾಮುಗಳನ್ನು ಕೈಬಿಡುವಂತಿರಲಿಲ್ಲವಾದ್ದರಿಂದ ಪಠ್ಯ ಮುಟ್ಟುವ ಬಹುತೇಕ ಪ್ರತಿ ಫಂಕ್ಷನ್ನಿಗೂ ಜೋಡಿ ಹುಟ್ಟಿತು: ಫೈಲು ತೆರೆಯಲು ‘ಕ್ರಿಯೇಟ್‌ಫೈಲ್-ಎ’ ಒಂದು, ‘ಕ್ರಿಯೇಟ್‌ಫೈಲ್-ಡಬ್ಲ್ಯೂ’ ಇನ್ನೊಂದು. ‘ಎ’ ಎಂಬುದು ಆನ್ಸಿ, ಅಂದರೆ ಆಯಾ ದೇಶದ ಕೋಡ್ ಪೇಜಿನ (ಬೈಟಿಗೂ ಅಕ್ಷರಕ್ಕೂ ನಂಟು ಹಾಕುವ ಪಟ್ಟಿಯ) ಬೈಟುಗಳು. ‘ಡಬ್ಲ್ಯೂ’ ಎಂಬುದು ವೈಡ್, ಅಂದರೆ 16 ಬಿಟ್‌ನದು. ಅಸಲು ಕೆಲಸವೆಲ್ಲ ಡಬ್ಲ್ಯೂ ಬಳಿ. ‘ಎ’ ತನಗೆ ಬಂದ ಬೈಟುಗಳನ್ನು ಹಿಗ್ಗಿಸಿ ಅದಕ್ಕೆ ಒಪ್ಪಿಸುವ ಮಧ್ಯವರ್ತಿ ಅಷ್ಟೆ.

ಎನ್‌ಟಿ ಇನ್ನೂ ತಯಾರಾಗುತ್ತಿದ್ದಾಗಲೇ, 1992ರ ಸೆಪ್ಟೆಂಬರಿನ ಒಂದು ಸಂಜೆ, ನ್ಯೂಜೆರ್ಸಿಯ ಒಂದು ಊಟದ ಹೋಟೆಲಿನಲ್ಲಿ ಕೂತು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8ರ ನಕ್ಷೆ ಹಾಕಿದರು. ಇಂಗ್ಲಿಷಿನ ಅಕ್ಷರಕ್ಕೆ ಮೊದಲಿನಂತೆ ಒಂದು ಬೈಟು, ಕನ್ನಡದ್ದಕ್ಕೆ ಮೂರು. ಬಹುಬೈಟಿನ ಅಕ್ಷರದೊಳಗೆ ಸೊನ್ನೆಯಾಗಲಿ ಓರೆಗೆರೆಯ ಬೆಲೆಯಾಗಲಿ ಎಂದೂ ಬರುವುದಿಲ್ಲ. ಯುನಿಕ್ಸ್ ಕರ್ನಲ್ಲನ್ನು ಒಂದು ಸಾಲೂ ತಿದ್ದದೆ ಕನ್ನಡದ ಹೆಸರಿಡಲು ಇಷ್ಟು ಸಾಕಾಯಿತು. ಎನ್‌ಟಿ ಎರಡು ವರ್ಷ ತಡವಾಗಿ ಹುಟ್ಟಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗುತ್ತಿರಲಿಲ್ಲವೇನೋ.

65,536 ಸ್ಥಾನ ಸಾಲದು ಎಂದು 1996ರ ಯೂನಿಕೋಡ್ 2.0 ಒಪ್ಪಿಕೊಂಡಿತು. ಒಟ್ಟು ಸ್ಥಾನ 11,14,112ಕ್ಕೆ ಏರಿತು. ಹೆಚ್ಚುವರಿ ಅಕ್ಷರಗಳನ್ನು 16 ಬಿಟ್‌ನ ಎರಡು ತುಂಡುಗಳಿಂದ ಸೂಚಿಸಲು 2,048 ಸ್ಥಾನಗಳನ್ನು ‘ಸರೊಗೇಟ್’ ಎಂದು ಕಾದಿರಿಸಿದರು. ಇವು ಯಾವಾಗಲೂ ಜೋಡಿಯಾಗಿಯೇ ಬರಬೇಕು, ಒಂಟಿ ಸರೊಗೇಟಿಗೆ ಅರ್ಥವಿಲ್ಲ. ವಿಂಡೋಸ್ ತನ್ನ 2000 ಆವೃತ್ತಿಯಿಂದ ಯುಟಿಎಫ್-16 ಎಂಬ ಈ ಪದ್ಧತಿಯನ್ನು ಅಳವಡಿಸಿಕೊಂಡಿತು. ಆದರೆ ಅದರ ಫೈಲ್ ಸಿಸ್ಟಂ ಜೋಡಿ ಸರಿಯಿದೆಯೇ ಎಂದು ನೋಡುವುದಿಲ್ಲ. ಒಂಟಿ ಸರೊಗೇಟಿರುವ ಹೆಸರನ್ನೂ ಮರುಮಾತಿಲ್ಲದೆ ಬರೆದುಕೊಳ್ಳುತ್ತದೆ.

ಚರ್ಚೆಯ ಬೇರು ಇಲ್ಲಿದೆ. ಲಿನಕ್ಸಿನಲ್ಲಿ ಹೆಸರೆಂದರೆ ಹೇಗಾದರೂ ಇರಬಹುದಾದ ಬೈಟುಗಳು, ವಿಂಡೋಸಿನಲ್ಲಿ ಹೇಗಾದರೂ ಇರಬಹುದಾದ 16 ಬಿಟ್ ತುಂಡುಗಳು. ಎರಡೂ ಕಡೆ ಹೆಸರು ಶುದ್ಧ ಯೂನಿಕೋಡ್ ಎಂಬ ಖಾತರಿಯಿಲ್ಲ. ಪ್ರೋಗ್ರಾಮಿಂಗ್ ಭಾಷೆಗಳು ಮಾತ್ರ ತಮ್ಮ ಸ್ಟ್ರಿಂಗು ಶುದ್ಧವಾಗಿರಬೇಕೆಂದು ಬಯಸುತ್ತವೆ. ಆ ಖಾತರಿಯ ಕೊರತೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದರಲ್ಲಿ ಪಂಥಗಳು ಬೇರೆಯಾಗುತ್ತವೆ.

ಕೋಡ್ ಪೇಜಿಗೆ ಬಿಟ್ಟವರು

ಅತ್ಯಂತ ಹಳೆಯ ಪಂಥದ್ದು ಏನೂ ಮಾಡದ ನೀತಿ. ಸಿ ಭಾಷೆಯಲ್ಲಿ ಫೈಲು ತೆರೆಯುವ ಮಾಮೂಲಿ ಫಂಕ್ಷನ್ನು, ಪ್ರೋಗ್ರಾಮಿನ ಆರಂಭದಲ್ಲಿ ಸಿಗುವ ಕಮಾಂಡ್ ಲೈನ್ ಪದಗಳು, ಎರಡೂ ವಿಂಡೋಸಿನಲ್ಲಿ ಆನ್ಸಿ ದಾರಿಯನ್ನೇ ಹಿಡಿಯುತ್ತವೆ. ಪರಿವರ್ತನೆ ಆಪರೇಟಿಂಗ್ ಸಿಸ್ಟಂನ ಪಾಲು, ಕಂಪೈಲರ್ ಬೈಟುಗಳನ್ನು ಹಾಗೆಯೇ ದಾಟಿಸುತ್ತದೆ. ಫ್ರೆಂಚ್, ರಷ್ಯನ್, ಜಪಾನೀಸ್ ಬಳಕೆದಾರರಿಗೆ ಇದು ಕುಂಟುತ್ತಲಾದರೂ ನಡೆಯಿತು. ಅವರ ಭಾಷೆಗೊಂದು ಕೋಡ್ ಪೇಜು ಇತ್ತು.

ಕನ್ನಡಕ್ಕೆ ಅದೂ ಇರಲಿಲ್ಲ. ಭಾರತದ ಇಸ್ಕಿ ಮಾನಕ 1991ರಲ್ಲಿ ಬಂದಿತ್ತು, ಕನ್ನಡ ಇಸ್ಕಿಗೆ ವಿಂಡೋಸ್ 57008 ಎಂಬ ಸಂಖ್ಯೆಯನ್ನೂ ಕೊಟ್ಟಿತು. ಆದರೆ ಅದು ಪಠ್ಯ ಪರಿವರ್ತನೆಗೆ ಮಾತ್ರ, ಇಡೀ ಸಿಸ್ಟಂನ ಕೋಡ್ ಪೇಜಾಗಿ ಆರಿಸಿಕೊಳ್ಳಲು ಬರುವುದಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನೊಂದಿಗೆ ಕನ್ನಡ ಕಾಲಿಟ್ಟಾಗ ಅದು ಯೂನಿಕೋಡ್ ಮಾತ್ರ ಬಲ್ಲ ಭಾಷೆಯಾಗಿಯೇ ಬಂತು. ಆದ್ದರಿಂದ ಆನ್ಸಿ ದಾರಿಯಲ್ಲಿ ಹೋದ ಕನ್ನಡದ ಹೆಸರು ಕೆಲವೊಮ್ಮೆ ಕೆಡುತ್ತದೆ ಎಂದಲ್ಲ, ಪ್ರತಿ ಸಲವೂ ಪೂರ್ತಿ ಅಳಿಸಿಹೋಗುತ್ತದೆ. ಕನ್ನಡದವರಿಗೆ ಈ ಚರ್ಚೆಯಲ್ಲಿ ಪಾಲಿದೆ ಎಂದು ನಾನು ಹೇಳುವುದು ಅಭಿಮಾನದ ಮಾತಲ್ಲ.

ಈ ಪಂಥದ ವಿಚಿತ್ರ ಸಂತಾನವೆಂದರೆ ವಿಷುಯಲ್ ಬೇಸಿಕ್. 1995ರ ನಾಲ್ಕನೇ ಆವೃತ್ತಿಯಿಂದ ಅದರ ಸ್ಟ್ರಿಂಗುಗಳು ಒಳಗೆ ಯೂನಿಕೋಡ್ ಆದವು. ಆದರೆ ಹೊರಗಿನ ಫಂಕ್ಷನ್ನನ್ನು ಕರೆದ ಕೂಡಲೇ ಭಾಷೆ ತಾನಾಗಿ ಸ್ಟ್ರಿಂಗನ್ನು ಆನ್ಸಿಗೆ ಇಳಿಸಿ ಕೊಡುತ್ತಿತ್ತು, ವಾಪಸು ಬಂದದ್ದನ್ನು ಮತ್ತೆ ಏರಿಸುತ್ತಿತ್ತು. ಅದರ ಪಠ್ಯಪೆಟ್ಟಿಗೆಗಳೂ ಆನ್ಸಿಯವೇ. ಕನ್ನಡ ಯೂನಿಕೋಡನ್ನು ಮನಸ್ಸಿನಲ್ಲಿಟ್ಟುಕೊಂಡೂ ಬಾಯಿಬಿಟ್ಟು ಹೇಳಲಾಗದ ಸ್ಥಿತಿ. ನುಡಿ, ಬರಹಗಳ ಹಳೆಯ ಫಾಂಟ್ ಸಂಕೇತಗಳು, ಅಂದರೆ ಇಂಗ್ಲಿಷ್ ಅಕ್ಷರದ ಸಂಖ್ಯೆಗೆ ಕನ್ನಡದ ಆಕಾರ ತೊಡಿಸುವ ಪದ್ಧತಿ, ಇಷ್ಟು ಕಾಲ ಬಾಳಿದ್ದಕ್ಕೆ ಇಂಥ ಉಪಕರಣಗಳೂ ಒಂದು ಕಾರಣವೆಂದು ನನ್ನ ಅಂದಾಜು. ಆ ಪದ್ಧತಿ ಆನ್ಸಿ ದಾರಿಯಲ್ಲಿ ಸಲೀಸಾಗಿ ನುಸುಳುತ್ತಿತ್ತು.

ಪ್ರಶ್ನಾರ್ಥಕ ಚಿಹ್ನೆಯಾದರೂ ಕೆಟ್ಟದ್ದನ್ನು ಕಣ್ಣಿಗೆ ತೋರಿಸುತ್ತದೆ. ಅದಕ್ಕಿಂತ ಅಪಾಯ ವಿಂಡೋಸಿನ ‘ಬೆಸ್ಟ್ ಫಿಟ್’ ಉಪಚಾರ. ಕೋಡ್ ಪೇಜಿನಲ್ಲಿಲ್ಲದ ಅಕ್ಷರ ಬಂದರೆ ನೋಡಲು ಹತ್ತಿರವಾದ ಇನ್ನೊಂದನ್ನು ಸದ್ದಿಲ್ಲದೆ ಅಲ್ಲಿ ಇಡುವುದು ಅದರ ರೀತಿ. 2024ರ ಜೂನಿನಲ್ಲಿ ಬಯಲಾದ, ಸಿವಿಇ-2024-4577 ಎಂದು ದಾಖಲಾದ ಪಿಎಚ್‌ಪಿ ದೋಷ ಹುಟ್ಟಿದ್ದು ಇದರಿಂದ. ಚೀನೀ ಮತ್ತು ಜಪಾನೀ ಕೋಡ್ ಪೇಜುಗಳಿರುವ ವಿಂಡೋಸಿನಲ್ಲಿ ‘ಸಾಫ್ಟ್ ಹೈಫನ್’ ಎಂಬ ಅದೃಶ್ಯಪ್ರಾಯ ಅಕ್ಷರ ಸಾಧಾರಣ ಅಡ್ಡಗೆರೆಯಾಗಿ ಬದಲಾಗುತ್ತಿತ್ತು. ಅಡ್ಡಗೆರೆ ಬಂದೊಡನೆ ಕಮಾಂಡ್ ಲೈನಿನಲ್ಲಿ ಮಾಹಿತಿಯಾಗಿದ್ದದ್ದು ಆಜ್ಞೆಯಾಗುತ್ತದೆ. ದೂರದಿಂದಲೇ ಸರ್ವರಿನ ಮೇಲೆ ಪ್ರೋಗ್ರಾಂ ಓಡಿಸಲು ಅಷ್ಟು ಸಾಕಿತ್ತು. ಬಾಗಿಲಲ್ಲಿ ಅಕ್ಷರವನ್ನು ಪರೀಕ್ಷಿಸಿದ್ದಾಗಿದೆ, ಆದರೆ ಪರೀಕ್ಷೆ ಮುಗಿದ ಮೇಲೆ ಅಕ್ಷರವೇ ಬದಲಾಗಿದೆ. ದೋಷ ಪತ್ತೆ ಮಾಡಿದ ಆರೆಂಜ್ ತ್ಸಾಯ್ ಮತ್ತು ಜೊತೆಗಾರರು ಅದೇ ವರ್ಷದ ಕೊನೆಯಲ್ಲಿ ಇಂಥದೇ ಇನ್ನಷ್ಟು ಬಿರುಕುಗಳನ್ನು ‘ವರ್ಸ್ಟ್ ಫಿಟ್’ ಎಂಬ ಕುಹಕದ ಹೆಸರಿನಲ್ಲಿ ಮುಂದಿಟ್ಟರು.

ಸತ್ತಿತೆಂದುಕೊಂಡ ಈ ಪಂಥಕ್ಕೆ 2019ರಲ್ಲಿ ಅನಿರೀಕ್ಷಿತವಾಗಿ ಮರುಜೀವ ಬಂತು. ವಿಂಡೋಸ್ 10ರ 1903ನೇ ಆವೃತ್ತಿಯಿಂದ, ಪ್ರೋಗ್ರಾಂ ತನ್ನ ಜೊತೆಗಿರುವ ವಿವರಪತ್ರವಾದ ಮ್ಯಾನಿಫೆಸ್ಟಿನಲ್ಲಿ ‘ನನ್ನ ಕೋಡ್ ಪೇಜು ಯುಟಿಎಫ್-8’ ಎಂದು ಘೋಷಿಸಿಕೊಳ್ಳಬಹುದು. ಆಗ ‘ಎ’ ಫಂಕ್ಷನ್ನುಗಳೆಲ್ಲ ಯುಟಿಎಫ್-8 ಓದುತ್ತವೆ. ವಿಂಡೋಸಿನ ಮೇಲೆ ಓಡುವ ಜಿಸಿಸಿ ಕಂಪೈಲರ್ 2023ರಲ್ಲಿ ಈ ಘೋಷಣೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಕಾಲು ಶತಮಾನ ಡಬ್ಲ್ಯೂ ಬಳಸಿ ಎಂದು ಬೋಧಿಸಿದ ಕಂಪನಿಯೇ ಈಗ ಇನ್ನೊಂದು ದಾರಿಯನ್ನೂ ತೋರಿಸುತ್ತಿದೆ. ಆದರೆ ಅದಕ್ಕಿಂತ ಹಳೆಯ ವಿಂಡೋಸ್ ಈ ಘೋಷಣೆಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ, ಪರದೆಯ ಮೇಲೆ ಬರೆಯುವ ಜಿಡಿಐ ಭಾಗ ಹೊಸದರಲ್ಲೂ ಪ್ರತ್ಯೇಕವಾಗಿ ಉಳಿದಿದೆ.

ಎಲ್ಲವನ್ನೂ ಅಗಲ ಮಾಡಿದವರು

ಎರಡನೆಯ ಪಂಥ ಎನ್‌ಟಿಯ ಓರಗೆಯದು. ಭಾಷೆಯೊಳಗಿನ ಸ್ಟ್ರಿಂಗೂ 16 ಬಿಟ್‌ನದೇ ಆಗಲಿ, ಆಗ ಗಡಿಯಲ್ಲಿ ಪರಿವರ್ತನೆಯೇ ಬೇಡ ಎಂಬುದು ವಾದ. 1996ರ ಜಾವಾ, 2002ರ ಡಾಟ್‌ನೆಟ್, 2008ರಲ್ಲಿ ಬಂದ ಡೆಲ್ಫಿ 2009 ಈ ಸಾಲಿನವು. ವಿಂಡೋಸಿನಲ್ಲಿ ವಾದ ಬಹುಮಟ್ಟಿಗೆ ನಿಜ. ಲಿನಕ್ಸಿಗೆ ಬಂದಾಗ ಮತ್ತೆ ಲೋಕೇಲಿನ ಮೊರೆ ಹೋಗಬೇಕು. ಲೋಕೇಲ್ ಹೊಂದಿಸದ ಸರ್ವರಿನಲ್ಲಿ ಜಾವಾ ಕನ್ನಡದ ಹೆಸರನ್ನು ಆಸ್ಕಿ ಎಂದೇ ಭಾವಿಸಿ ಪ್ರಶ್ನಾರ್ಥಕಗಳನ್ನು ಸುರಿಯುತ್ತಿದ್ದುದು ಆ ಕ್ಷೇತ್ರದವರಿಗೆ ಹೊಸ ಕಥೆಯಲ್ಲ. 2022ರ ಮಾರ್ಚಿನಲ್ಲಿ ಬಂದ ಜೆಡಿಕೆ 18 ಫೈಲಿನ ಒಳಗಿನ ಪಠ್ಯಕ್ಕೆ ಯುಟಿಎಫ್-8 ಅನ್ನೇ ಮೂಲಸ್ಥಿತಿ ಮಾಡಿತು. ಫೈಲಿನ ಹೆಸರಿಗೆ ಮಾತ್ರ ಹಳೆಯ, ಪ್ರತ್ಯೇಕ ಸೆಟ್ಟಿಂಗೇ ಉಳಿಯಿತು.

ಡಾಟ್‌ನೆಟ್‌ನ ಕಥೆ ಇನ್ನೂ ಸೋಜಿಗದ್ದು. ಒಳಗೆಲ್ಲ ಯುಟಿಎಫ್-16 ಇದ್ದೂ, ಸಿ-ಶಾರ್ಪ್‌ನಿಂದ ಹೊರಗಿನ ಫಂಕ್ಷನ್ನನ್ನು ಕರೆಯುವಾಗ ಏನೂ ಹೇಳದಿದ್ದರೆ ವಿಂಡೋಸಿನಲ್ಲಿ ಅದು ಆನ್ಸಿಗೆ ಇಳಿಯುತ್ತದೆ. ವಿಷುಯಲ್ ಬೇಸಿಕ್ಕಿನ ಹಳೆಯ ಚಾಳಿ ಮೊಮ್ಮಕ್ಕಳಿಗೂ ಬಂದಂತಿದೆ. 2022ರ ಡಾಟ್‌ನೆಟ್ 7 ತಂದ ಹೊಸ ಪದ್ಧತಿಯಲ್ಲಿ, ಸ್ಟ್ರಿಂಗನ್ನು ಹೇಗೆ ದಾಟಿಸಬೇಕೆಂದು ಪ್ರೋಗ್ರಾಮರ್ ಬಾಯಿಬಿಟ್ಟು ಹೇಳದಿದ್ದರೆ ಕಂಪೈಲ್ ಆಗುವುದೇ ಇಲ್ಲ. ಇಷ್ಟು ಸಣ್ಣ ಬದಲಾವಣೆಗೆ ಇಪ್ಪತ್ತು ವರ್ಷ ಬೇಕಾಯಿತು. ಪಿಎಚ್‌ಪಿ ಕೂಡ ಆರನೇ ಆವೃತ್ತಿಯಲ್ಲಿ ಎಲ್ಲವನ್ನೂ ಯುಟಿಎಫ್-16 ಮಾಡಹೊರಟು, 2010ರಲ್ಲಿ ಕೈಚೆಲ್ಲಿತು. ಹಾಗಾಗಿ ಪಿಎಚ್‌ಪಿ 5ರ ನಂತರ ಬಂದದ್ದು 7.

ಒಳಗೆ ಯುಟಿಎಫ್-8, ಹೊಸಿಲಲ್ಲಿ ಪರಿವರ್ತನೆ

ಸದ್ಯ ಮೇಲುಗೈ ಮೂರನೆಯ ಪಂಥದ್ದು. ಪ್ರೋಗ್ರಾಮಿನೊಳಗೆ ಎಲ್ಲೆಡೆ ಯುಟಿಎಫ್-8 ಇರಲಿ. ವಿಂಡೋಸನ್ನು ಕರೆಯುವ ಆ ಒಂದು ಕ್ಷಣದಲ್ಲಿ ಯುಟಿಎಫ್-16 ಮಾಡಿ ಡಬ್ಲ್ಯೂ ಫಂಕ್ಷನ್ನಿಗೆ ಕೊಡಿ, ಬಂದದ್ದನ್ನು ಕೂಡಲೇ ಮರಳಿ ಪರಿವರ್ತಿಸಿ. 2009ರ ಗೋ ಭಾಷೆ ಈ ದಾರಿ ಹಿಡಿಯಿತು. ಅದನ್ನು ಕಟ್ಟಿದವರಲ್ಲಿ ಥಾಂಪ್ಸನ್, ಪೈಕ್ ಇಬ್ಬರೂ ಇದ್ದರೆಂದ ಮೇಲೆ ಅಚ್ಚರಿಯೇನಿಲ್ಲ. ಹತ್ತಾರು ಕಂಪೈಲರ್‌ಗಳಿಗೆ ಬುನಾದಿಯಾದ ಎಲ್‌ಎಲ್‌ವಿಎಂ ತನ್ನೊಳಗೆ ಪಾಲಿಸುವುದೂ ಇದನ್ನೇ. ‘ಎಲ್ಲೆಲ್ಲೂ ಯುಟಿಎಫ್-8’ ಎಂಬ ಹೆಸರಿನ ಪ್ರಣಾಳಿಕೆಯೊಂದು 2012ರಲ್ಲಿ ಹೊರಬಂದು ಸಿ++ ಬರೆಯುವವರ ನಡುವೆ ಇದಕ್ಕೆ ಬಾವುಟ ಕೊಟ್ಟಿತು.

ಹೇಳಲು ಸುಲಭವಾದರೂ ಮಾಡುವಲ್ಲಿ ಕೊಕ್ಕೆಗಳಿವೆ. ಪ್ರತಿ ಕರೆಗೂ ತಾತ್ಕಾಲಿಕ ಜಾಗ ಬೇಕು, ಅದರ ಅಳತೆ ಮೊದಲೇ ತಿಳಿಯಬೇಕು, ಕೊನೆಯಲ್ಲಿ ಸೊನ್ನೆ ಸೇರಿಸಬೇಕು, ಕೆಲಸ ಮುಗಿದ ಮೇಲೆ ಜಾಗ ಬಿಡಬೇಕು. ಹೆಸರಿನ ನಡುವೆಯೇ ಸೊನ್ನೆ ಇದ್ದರೆ? ಸಿ ಅಲ್ಲಿಗೇ ಹೆಸರು ಮುಗಿಯಿತೆಂದು ತಿಳಿಯುತ್ತದೆ. ಚಿತ್ರದ ಹೆಸರೆಂದು ತೋರುವ ಸ್ಟ್ರಿಂಗಿನ ನಡುವೆ ಸೊನ್ನೆ ತೂರಿಸಿ ಹಳೆಯ ಪಿಎಚ್‌ಪಿಯನ್ನು ಮೋಸಗೊಳಿಸುತ್ತಿದ್ದುದು ಹೀಗೆ. ಗೋ, ರಸ್ಟ್ ಎರಡೂ ಇಂಥ ಹೆಸರನ್ನು ಗಡಿಯಲ್ಲೇ ದೋಷವೆಂದು ಹಿಂದಿರುಗಿಸುತ್ತವೆ. ವೇಗದ ಬಗ್ಗೆ ಆಗಾಗ ಕೇಳಿಬರುವ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಕೆಲವು ನೂರು ಬೈಟುಗಳ ಪರಿವರ್ತನೆ, ಫೈಲು ತೆರೆಯಲು ತಗಲುವ ಸಮಯದ ಮುಂದೆ ಲೆಕ್ಕಕ್ಕಿಲ್ಲ. ಪ್ರೋಗ್ರಾಮಿನಲ್ಲೇ ಬರೆದಿಟ್ಟ ಹೆಸರುಗಳನ್ನಂತೂ ಕಂಪೈಲ್ ಹೊತ್ತಿನಲ್ಲೇ ಯುಟಿಎಫ್-16 ಮಾಡಿಡಬಹುದು. ಜಿಗ್ ಭಾಷೆಯಲ್ಲಿ ಅದಕ್ಕೆ ಸಿದ್ಧ ಸೌಲಭ್ಯವಿದೆ.

ಉದ್ದದ ಲೆಕ್ಕ ಮಾತ್ರ ಕನ್ನಡದವರನ್ನು ನೇರವಾಗಿ ತಟ್ಟುತ್ತದೆ. ಲಿನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿ. ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ, ಅಂದರೆ ಯೂನಿಕೋಡ್ ಸ್ಥಾನಕ್ಕೆ, ಮೂರು ಬೈಟು, ಆದ್ದರಿಂದ 85 ಮಾತ್ರ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ 255 ತುಂಡುಗಳು; ಕನ್ನಡದ ಒಂದಕ್ಕೆ ಒಂದು ತುಂಡು, ಹಾಗಾಗಿ ಪೂರ್ತಿ 255. ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಎಣಿಕೆಯಾಗುವ ನಮ್ಮ ಲಿಪಿಯಲ್ಲಿ 85 ಎಂದರೆ ಒಂದು ಲೇಖನದ ಶೀರ್ಷಿಕೆಯೂ ಲೇಖಕರ ಹೆಸರೂ ಸೇರಿದರೆ ತುಂಬಿಹೋಗುವಷ್ಟು. ವಿಂಡೋಸಿನಲ್ಲಿ ಸುಖವಾಗಿದ್ದ ನೂರು ಕೋಡ್ ಪಾಯಿಂಟಿನ ಹೆಸರು ಲಿನಕ್ಸಿಗೆ ನಕಲಾಗುವುದಿಲ್ಲ. ಪರಿವರ್ತನೆ ಎಷ್ಟೇ ಶುದ್ಧವಾಗಿರಲಿ, ಇದನ್ನು ಯಾವ ಕಂಪೈಲರೂ ಪರಿಹರಿಸಲಾರದು.

ಹಳೆಯ ಪ್ರೋಗ್ರಾಮುಗಳ ಹೊರೆಯಿರುವ ಭಾಷೆಗಳು ಈ ಪಂಥಕ್ಕೆ ಹೇಗೆ ಸೇರಬೇಕು? 2017ರ ನವೆಂಬರಿನಲ್ಲಿ ಬಂದ ಓಕ್ಯಾಮಲ್ 4.06 ಒಂದು ರಾಜಿಸೂತ್ರ ಹೂಡಿತು. ಅದರ ಸ್ಟ್ರಿಂಗು ಬರೀ ಬೈಟುಗಳು. ಹಳಬರು ಕೋಡ್ ಪೇಜಿನ ಬೈಟು ತುಂಬಿರಬಹುದು, ಹೊಸಬರು ಯುಟಿಎಫ್-8. ವಿಂಡೋಸಿಗೆ ಕೊಡುವಾಗ ಮೊದಲು ಯುಟಿಎಫ್-8 ಎಂದು ಓದಿನೋಡು, ನಿಯಮಕ್ಕೆ ಹೊಂದದಿದ್ದರೆ ಕೋಡ್ ಪೇಜೆಂದು ತಿಳಿ. ಬೇಡವಾದರೆ ಕಂಪೈಲರನ್ನು ಕಟ್ಟುವಾಗಲೇ ಹಳೆಯ ರೀತಿಗೆ ತಿರುಗಿಸುವ ಗುಂಡಿಯಿದೆ. ಊಹೆ ತಪ್ಪುವ ಸಾಧ್ಯತೆ ಇದ್ದೇ ಇದೆ, ಆದರೆ ಯುಟಿಎಫ್-8ರ ನಿಯಮ ಬಿಗಿಯಾದ್ದರಿಂದ ಬೇರೆ ಸಂಕೇತದ ಪಠ್ಯ ಆಕಸ್ಮಿಕವಾಗಿ ಅದಕ್ಕೆ ಹೊಂದುವುದು ಅಪರೂಪ. 2015ರ ಫ್ರೀ ಪ್ಯಾಸ್ಕಲ್ 3.0 ಇನ್ನೊಂದು ಬಗೆ. ಅಲ್ಲಿ ಪ್ರತಿ ಸ್ಟ್ರಿಂಗೂ ತನ್ನ ಕೋಡ್ ಪೇಜಿನ ಸಂಖ್ಯೆಯನ್ನು ಜೊತೆಗೇ ಹೊತ್ತು ತಿರುಗುತ್ತದೆ, ಬೇಕಾದಲ್ಲಿ ಕಂಪೈಲರೇ ಪರಿವರ್ತನೆಯನ್ನು ಸೇರಿಸಿ ‘ಮಾಹಿತಿ ನಷ್ಟವಾಗಬಹುದು’ ಎಂದು ಎಚ್ಚರಿಸುತ್ತದೆ. ಎಚ್ಚರಿಕೆ ಓದುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಕೆಟ್ಟದ್ದನ್ನು ಬಚ್ಚಿಟ್ಟು ಸಾಗಿಸುವವರು

ಯುಟಿಎಫ್-8 ಪಂಥಕ್ಕೆ ಉತ್ತರವಿಲ್ಲದ ಪ್ರಶ್ನೆ ಒಂದಿದೆ: ಡಿಸ್ಕಿನಲ್ಲಿರುವ ಹೆಸರೇ ಯುಟಿಎಫ್-8 ಅಲ್ಲದಿದ್ದರೆ? 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3.0 ಇದಕ್ಕೆ ಕೊಟ್ಟ ಉತ್ತರ ಮೌನ. ಫೋಲ್ಡರಿನಲ್ಲಿರುವ ಫೈಲುಗಳ ಪಟ್ಟಿ ಕೇಳಿದರೆ, ಓದಲಾಗದ ಹೆಸರುಗಳನ್ನು ಬಿಟ್ಟು ಉಳಿದವನ್ನು ಕೊಡುತ್ತಿತ್ತು. ಬ್ಯಾಕಪ್ ಪ್ರೋಗ್ರಾಮೊಂದನ್ನು ಅದರಲ್ಲಿ ಬರೆದಿದ್ದವರ ಗತಿಯನ್ನು ಊಹಿಸಿಕೊಳ್ಳಿ: ಫೈಲು ಇದೆ, ಪಟ್ಟಿಯಲ್ಲಿಲ್ಲ, ದೋಷ ಸಂದೇಶವೂ ಇಲ್ಲ.

ಮಾರ್ಟಿನ್ ಫಾನ್ ಲೋವಿಸ್ ಸೂಚಿಸಿದ ಪಿಇಪಿ 383 ಎಂಬ ಪೈಥಾನ್ ಸುಧಾರಣಾ ಪ್ರಸ್ತಾವ ಮರುವರ್ಷದ 3.1ರಲ್ಲಿ ಇದನ್ನು ಸರಿಪಡಿಸಿತು. ನಿಯಮಕ್ಕೆ ಹೊಂದದ ಪ್ರತಿ ಬೈಟನ್ನೂ ಒಂದು ಒಂಟಿ ಸರೊಗೇಟಾಗಿ ವೇಷ ಬದಲಿಸಿ ಸ್ಟ್ರಿಂಗಿನೊಳಗೆ ಇಡುವುದು; ಹೆಸರು ಕರ್ನಲ್ಲಿಗೆ ಮರಳುವಾಗ ವೇಷ ಕಳಚಿ ಮೂಲ ಬೈಟನ್ನೇ ಕೊಡುವುದು. ಶುದ್ಧ ಯೂನಿಕೋಡಿನಲ್ಲಿ ಒಂಟಿ ಸರೊಗೇಟಿಗೆ ಜಾಗವಿಲ್ಲವಾದ್ದರಿಂದ ಗೊಂದಲದ ಭಯವಿಲ್ಲ. ಉಪಾಯ ಎಷ್ಟು ಚೆನ್ನಾಗಿತ್ತೆಂದರೆ, ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರೂ 2012ರ 7.4ನೇ ಆವೃತ್ತಿಯ ಹೊತ್ತಿಗೆ ಅದನ್ನೇ ಎರವಲು ಪಡೆಯಿತು. ಅದಕ್ಕೂ ಮುಂಚೆ ಯುನಿಕ್ಸಿನಲ್ಲಿ ಜಿಎಚ್‌ಸಿ ಪ್ರತಿ ಅಕ್ಷರದ ಕೆಳಗಿನ 8 ಬಿಟ್ ಮಾತ್ರ ಉಳಿಸಿಕೊಂಡು ಮೇಲಿನದ್ದನ್ನು ಕತ್ತರಿಸಿಹಾಕುತ್ತಿತ್ತು.

ಇದರ ಬೆಲೆ ತಡವಾಗಿ ತಿಳಿಯುತ್ತದೆ. ವೇಷದಲ್ಲಿರುವ ಸ್ಟ್ರಿಂಗು ಪ್ರೋಗ್ರಾಮಿನ ತುಂಬ ಸಹಜವಾಗಿ ಓಡಾಡಿಕೊಂಡಿರುತ್ತದೆ. ಅದನ್ನು ಪರದೆಗೆ ಬರೆಯಲೋ ಡೇಟಾಬೇಸಿಗೆ ಹಾಕಲೋ ಹೊರಟಾಗ ‘ಸರೊಗೇಟಿಗೆ ಅನುಮತಿಯಿಲ್ಲ’ ಎಂಬ ದೋಷ ಸಿಡಿಯುತ್ತದೆ, ತಪ್ಪು ನಡೆದ ಜಾಗದಿಂದ ಬಹುದೂರದಲ್ಲಿ. ಜಿಎಚ್‌ಸಿಯಲ್ಲಿ ಇನ್ನೊಂದು ತೊಡಕು: ಪರಿವರ್ತನೆ ಲೋಕೇಲಿನ ಮೇಲೆ ನಿಂತಿದ್ದರಿಂದ, ಒಂದು ಲೋಕೇಲಿನಲ್ಲಿ ಓದಿಟ್ಟ ಹೆಸರು ಇನ್ನೊಂದರಲ್ಲಿ ಬೇರೆ ಬೈಟುಗಳಾಗಿ ಮರಳಬಹುದು.

ವಿಂಡೋಸಿನ ಒಂಟಿ ಸರೊಗೇಟಿಗೂ ಇಂಥದೇ ಗುಟ್ಟಿನ ದಾರಿಯಿದೆ. ಸಿಮೋನ್ ಸಾಪಾನ್ ವಿವರಿಸಿದ ಡಬ್ಲ್ಯೂಟಿಎಫ್-8 ಎಂಬುದು, ನಿಷಿದ್ಧ ಸರೊಗೇಟನ್ನೂ ಮೂರು ಬೈಟುಗಳಲ್ಲಿ ಬರೆಯಲು ಒಪ್ಪುವ ಸಡಿಲ ಯುಟಿಎಫ್-8. ಹೆಸರಿನಲ್ಲೇ ನಗೆಯಿದೆ, ಕೆಲಸ ಮಾತ್ರ ಗಂಭೀರ. ರಸ್ಟ್ ಮೊದಲಿನಿಂದ ಇದನ್ನು ನೆಚ್ಚಿದೆ. ಗೋ ಬಹುಕಾಲ ಒಂಟಿ ಸರೊಗೇಟನ್ನು ಬದಲಿ ಚಿಹ್ನೆಯಿಂದ ಮುಚ್ಚುತ್ತಿದ್ದು, 2023ರ 1.21ರಲ್ಲಿ ಅಂಥ ಹೆಸರುಗಳನ್ನೂ ನಿಭಾಯಿಸಲು ಕಲಿಯಿತು.

ಹೆಸರು ಪಠ್ಯವೇ ಅಲ್ಲ ಎನ್ನುವವರು

ಕೊನೆಯ ಪಂಥ ಪ್ರಶ್ನೆಯನ್ನೇ ತಿರುಗಿಸುತ್ತದೆ. ಆಪರೇಟಿಂಗ್ ಸಿಸ್ಟಂ ಕೊಟ್ಟದ್ದು ಪಠ್ಯ ಎಂದು ನಿಮಗೆ ಹೇಳಿದವರು ಯಾರು? ಅದು ಗುರುತು ಮಾತ್ರ. ಕೊಟ್ಟಂತೆಯೇ ಇಟ್ಟುಕೊಂಡು, ಕೇಳಿದಾಗ ಹಾಗೆಯೇ ಮರಳಿಸಬೇಕು. ಮನುಷ್ಯರಿಗೆ ತೋರಿಸುವಾಗ ಮಾತ್ರ ಪಠ್ಯವಾಗಿಸಬೇಕು. 2015ರ ರಸ್ಟ್ 1.0 ಇದಕ್ಕಾಗಿ ಮಾಮೂಲಿ ಸ್ಟ್ರಿಂಗಿನಿಂದ ಬೇರೆಯಾದ ‘ಓಎಸ್-ಸ್ಟ್ರಿಂಗ್’ ಎಂಬ ಟೈಪನ್ನು ಕೊಟ್ಟಿತು. ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ‘ಆಗದಿರಬಹುದು’ ಎಂಬ ಉತ್ತರವನ್ನು ಎದುರಿಸಬೇಕು, ಇಲ್ಲವೇ ‘ನಷ್ಟವಾದರೂ ಸರಿ’ ಎಂದು ಫಂಕ್ಷನ್ನಿನ ಹೆಸರಿನಲ್ಲೇ ಒಪ್ಪಿಕೊಳ್ಳಬೇಕು. ಹ್ಯಾಸ್ಕೆಲ್ ಕೂಡ 2022ರಲ್ಲಿ ‘ಓಎಸ್-ಪಾತ್’ ಎಂಬ ಟೈಪಿನ ಮೂಲಕ ಈ ಕಡೆಗೆ ವಾಲಿತು. ಸಿ++17ರ ಫೈಲ್‌ಸಿಸ್ಟಂ ಲೈಬ್ರರಿಯ ‘ಪಾತ್’ ವಿಂಡೋಸಿನಲ್ಲಿ 16 ಬಿಟ್, ಉಳಿದೆಡೆ ಬೈಟು. ಅಷ್ಟರಮಟ್ಟಿಗೆ ಅದೂ ಈ ಗುಂಪಿನದೇ, ಆದರೆ ಅದರಿಂದ ಮಾಮೂಲಿ ಸ್ಟ್ರಿಂಗಿಗೆ ಇಳಿಯುವ ದಾರಿ ವಿಂಡೋಸಿನಲ್ಲಿ ಮತ್ತೆ ಕೋಡ್ ಪೇಜಿನತ್ತ ಎಳೆಯುತ್ತದೆ.

ಸೈದ್ಧಾಂತಿಕವಾಗಿ ನನ್ನ ಮತ ಈ ಪಂಥಕ್ಕೆ. ಎಲ್ಲಿ ನಷ್ಟವಾಗಬಹುದು ಎಂಬುದನ್ನು ಬರೀ ಎಚ್ಚರಿಕೆಯಾಗಿ ಅಲ್ಲದೆ ಟೈಪಿನ ಮೂಲಕವೇ ಕಂಪೈಲ್ ಹೊತ್ತಿನಲ್ಲಿ ಎದುರಿಸುವಂತೆ ಮಾಡುವುದು ಇದೊಂದೇ. ಹಾಗೆಂದು ಬಳಕೆಯ ಕಷ್ಟ ಕಡಿಮೆಯದಲ್ಲ. ಹೆಸರಿನ ಕೊನೆಯ ನಾಲ್ಕು ಅಕ್ಷರ ನೋಡಬೇಕೆಂಬಂಥ ಸರಳ ಕೆಲಸಕ್ಕೂ ರಸ್ಟ್ ಬಹಳ ಕಾಲ ಸತಾಯಿಸಿತು. ಒಳಗಿನ ಬೈಟುಗಳನ್ನು ನೋಡಲು ಎಲ್ಲ ಸಿಸ್ಟಂಗಳಿಗೂ ಸಲ್ಲುವ ಅಧಿಕೃತ ದಾರಿ ಸಿಕ್ಕಿದ್ದು 2023ರ 1.74ರಲ್ಲಿ. ಬೇಸತ್ತ ಪ್ರೋಗ್ರಾಮರ್ ‘ಯೂನಿಕೋಡೇ ಇರುತ್ತದೆ, ಇಲ್ಲದಿದ್ದರೆ ಪ್ರೋಗ್ರಾಂ ಸಾಯಲಿ’ ಎಂದು ಬರೆದು ಮುಂದೆ ಹೋಗುತ್ತಾನೆ. ಹಾಗೆ ಸತ್ತರೂ ಸದ್ದಾಗುತ್ತದೆ; ತಪ್ಪು ಫೈಲನ್ನು ಮೌನವಾಗಿ ಮುಟ್ಟುವುದಕ್ಕಿಂತ ಅದು ವಾಸಿ.

ಪರಿವರ್ತನೆ ಸರಿಯಿದ್ದೂ ಹೆಸರು ಬೇರೆ

ಇಷ್ಟೂ ಪಂಥಗಳು ಬೈಟುಗಳ ಶುದ್ಧಿಯ ಬಗ್ಗೆ ಮಾತಾಡುತ್ತವೆ. ಒಂದೇ ಪದವನ್ನು ಶುದ್ಧವಾಗಿಯೇ ಎರಡು ರೀತಿ ಬರೆಯಬಹುದೆಂಬ ತೊಡಕು ಅವುಗಳ ಕೈಗೆ ಸಿಗುವುದಿಲ್ಲ. ‘ಜೋಗ’ ಎಂಬ ಹೆಸರನ್ನು ನೋಡಿ. ಓತ್ವದ ಗುರುತಿಗೆ ಯೂನಿಕೋಡಿನಲ್ಲಿ ತನ್ನದೇ ಒಂದು ಸ್ಥಾನವಿದೆ. ಹಾಗೆ ಬರೆದರೆ ಪದ ಮೂರು ಕೋಡ್ ಪಾಯಿಂಟು, 9 ಬೈಟು. ಅದನ್ನೇ ಎತ್ವ, ಊತ್ವ, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿದರೆ ಐದು ಕೋಡ್ ಪಾಯಿಂಟು, 15 ಬೈಟು. ಎರಡೂ ಸಮಾನವೆಂದು ಯೂನಿಕೋಡ್ ಸಾರುತ್ತದೆ. ಲಿನಕ್ಸಿಗೂ ವಿಂಡೋಸಿಗೂ ಅವು ಎರಡು ಬೇರೆ ಫೈಲುಗಳು. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ, ಕೊಟ್ಟ ಹೆಸರನ್ನು ತಾನೇ ಬಿಡಿಸಿ ಬರೆದುಕೊಳ್ಳುತ್ತಿತ್ತು. ‘ಜೋಗ’ ಎಂದು ಇಟ್ಟು ಪಟ್ಟಿ ಕೇಳಿದರೆ, ನೋಡಲು ಅದೇ, ಬೈಟುಗಳಲ್ಲಿ ಬೇರೆಯೇ ಆದ ಹೆಸರು ಬರುತ್ತಿತ್ತು. ಕೋಡಿನ ಆವೃತ್ತಿಗಳನ್ನು ಕಾಯುವ ಗಿಟ್ ಉಪಕರಣ ಇದಕ್ಕಾಗಿ 2012ರಲ್ಲಿ ಪ್ರತ್ಯೇಕ ಸೆಟ್ಟಿಂಗು ಸೇರಿಸಬೇಕಾಯಿತು. 2017ರಲ್ಲಿ ಆ ಫೈಲ್ ಸಿಸ್ಟಮ್ಮಿನ ಬದಲಿಗೆ ಬಂದ ಎಪಿಎಫ್‌ಎಸ್ ಕೊಟ್ಟಂತೆಯೇ ಉಳಿಸಿಕೊಂಡು, ಹೋಲಿಸುವಾಗ ಮಾತ್ರ ಎರಡನ್ನೂ ಒಂದೆಂದು ಕಾಣುತ್ತದೆ.

ಅರ್ಧಾಕ್ಷರದ ಮುಂದಿನ ಅಕ್ಷರ ಒತ್ತಾಗದಂತೆ ತಡೆಯಲು ನಾವು ದಿನವೂ ಒತ್ತುವ, ಕಣ್ಣಿಗೆ ಕಾಣದ ‘ಜೀರೋ ವಿಡ್ತ್ ನಾನ್-ಜಾಯಿನರ್’ ಇನ್ನೂ ಸೂಕ್ಷ್ಮ. ‘ರಾಜ್‌ಕುಮಾರ್’ ಎಂದು ಬರೆಯಲು ಅದು ಬೇಕೇ ಬೇಕು. ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಹೋಲಿಸುವಾಗ ಅದನ್ನು ಇಲ್ಲವೆಂದೇ ಎಣಿಸುತ್ತಿತ್ತು. 2014ರ ಡಿಸೆಂಬರಿನಲ್ಲಿ ಇದೇ ಗಿಟ್‌ನ ಭದ್ರತೆಗೆ ಮುಳುವಾಯಿತು: ತನ್ನ ಗುಪ್ತ ಫೋಲ್ಡರಿನ ಹೆಸರನ್ನು ಬೇರೆಯವರು ಬಳಸದಂತೆ ಗಿಟ್ ಕಾಯುತ್ತಿತ್ತು, ನಡುವೆ ಈ ಅದೃಶ್ಯ ಅಕ್ಷರ ಸೇರಿಸಿದರೆ ಗಿಟ್‌ಗೆ ಅದು ಬೇರೆ ಹೆಸರು, ಮ್ಯಾಕ್‌ಗೆ ಅದೇ ಹೆಸರು. ಅಂದಿನಿಂದ ಅದೃಶ್ಯ ಅಕ್ಷರಗಳನ್ನು ಹೆಸರಿನಿಂದ ಕಿತ್ತುಹಾಕಿ ಎಂಬ ಸಲಹೆ ಆಗಾಗ ಕೇಳುತ್ತದೆ. ಇಂಗ್ಲಿಷಿಗೆ ಅದರಿಂದ ನಷ್ಟವಿಲ್ಲ. ಕನ್ನಡದಲ್ಲಿ ಕಾಗುಣಿತವೇ ಬದಲಾಗುತ್ತದೆ.

ಇನ್ನೂ ತೀರ್ಮಾನವಾಗದ್ದು

ಮೊದಲನೆಯದು, ಕೆಟ್ಟ ಹೆಸರನ್ನು ನಿರಾಕರಿಸುವುದು ಯಾರ ಕೆಲಸ ಎಂಬುದು. ಕರ್ನಲ್ಲೇ ಶುದ್ಧ ಯೂನಿಕೋಡನ್ನು ಮಾತ್ರ ಒಪ್ಪಿದರೆ ಬಚ್ಚಿಡುವ ಉಪಾಯಗಳೂ ಪ್ರತ್ಯೇಕ ಟೈಪುಗಳೂ ಬಹುಪಾಲು ಬೇಡವಾಗುತ್ತವೆ. ಆ ದಿಕ್ಕಿನಲ್ಲಿ ಸಣ್ಣ ಹೆಜ್ಜೆಗಳಿವೆ: ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿಗೆ 2019ರಲ್ಲಿ ಯುಟಿಎಫ್-8 ಅರಿವು ಬಂತು, ಬೇಕಾದವರು ಅಶುದ್ಧ ಹೆಸರನ್ನು ತಡೆಯಬಹುದು. ಯುನಿಕ್ಸ್ ಮಾದರಿಯ ಸಿಸ್ಟಂಗಳಿಗೆ ಅನ್ವಯಿಸುವ ಪೋಸಿಕ್ಸ್ ಮಾನಕದ 2024ರ ಆವೃತ್ತಿ ಹೆಸರಿನೊಳಗೆ ಹೊಸ ಸಾಲಿನ ಅಕ್ಷರವನ್ನು ನಿರಾಕರಿಸಲು ಉತ್ತೇಜಿಸುತ್ತದೆ. ಆದರೆ ಹಳೆಯ ಡಿಸ್ಕುಗಳಲ್ಲಿ ಇರುವುದನ್ನು ಏನು ಮಾಡಬೇಕೆಂಬುದಕ್ಕೆ ಯಾರಲ್ಲೂ ಒಪ್ಪಿತ ಉತ್ತರವಿಲ್ಲ.

ಲೋಕೇಲಿನ ಅಧಿಕಾರ ಎಷ್ಟು ದಿನ ಎಂಬುದು ಇನ್ನೊಂದು. ಪೈಥಾನ್ 3.6 ವಿಂಡೋಸಿನಲ್ಲಿ, 3.7 ಖಾಲಿ ಲೋಕೇಲಿನ ಸರ್ವರುಗಳಲ್ಲಿ ಯುಟಿಎಫ್-8 ಕಡೆಗೆ ಸರಿದವು, 3.15ರಿಂದ ಅದೇ ಮೂಲಸ್ಥಿತಿಯಾಗಬೇಕೆಂದು ಪಿಇಪಿ 686 ಗೊತ್ತುಮಾಡಿದೆ. ಸಿ++23ರ ಹೊಸ ಮುದ್ರಣ ಫಂಕ್ಷನ್ನು, ಪ್ರೋಗ್ರಾಂ ಯುಟಿಎಫ್-8ನಲ್ಲಿ ಕಂಪೈಲ್ ಆಗಿದ್ದರೆ ವಿಂಡೋಸ್ ಕನ್ಸೋಲಿಗೆ ಯೂನಿಕೋಡ್ ದಾರಿಯಿಂದಲೇ ಬರೆಯುತ್ತದೆ. ಗಾಳಿ ಬೀಸುವ ದಿಕ್ಕು ಸ್ಪಷ್ಟ. ಆದರೂ ಕಮಾಂಡ್ ಲೈನು, ಹೆಸರು, ಪರದೆ, ಫೈಲಿನ ಒಡಲು ಈ ನಾಲ್ಕಕ್ಕೂ ಒಂದೇ ನಿಯಮ ಪಾಲಿಸುವ ಭಾಷೆಗಳು ಕಡಿಮೆ.

ಜೋಡಿಸಿದ ಓತ್ವ, ಬಿಡಿಸಿದ ಓತ್ವಗಳನ್ನು ಒಂದು ಮಾಡುವ ಹೊಣೆಯನ್ನು ನಾನು ಇಲ್ಲಿ ಹೆಸರಿಸಿದ ಯಾವ ಭಾಷೆಯೂ ಗಡಿಯಲ್ಲಿ ಹೊರುವುದಿಲ್ಲ. ಹೊರಲೂಬಾರದು ಎಂದು ನನ್ನ ನಿಲುವು, ಏಕೆಂದರೆ ಆಗ ಡಿಸ್ಕಿನಲ್ಲಿರುವ ಎರಡು ಫೈಲುಗಳಲ್ಲಿ ಒಂದನ್ನು ತಲುಪಲು ದಾರಿಯೇ ಇರುವುದಿಲ್ಲ. ಬೇರೆ ಅಭಿಪ್ರಾಯದವರೂ ಇದ್ದಾರೆ.

ಕಂಪೈಲರ್, ಲೈಬ್ರರಿಗಳ ಕೆಲಸದಲ್ಲಿರುವ ಕನ್ನಡಿಗರಿಗೆ ಒಂದು ಕೋರಿಕೆ. ನಿಮ್ಮ ಪರೀಕ್ಷೆಗಳ ಕಟ್ಟಿನಲ್ಲಿ ‘ರಾಜ್‌ಕುಮಾರ್ ಫೋಟೋ’ ಎಂಬ ಹೆಸರಿನ ಫೈಲೊಂದು ಇರಲಿ. ಅದೃಶ್ಯ ಅಕ್ಷರ, ಎರಡು ಓತ್ವ, ಯಾವ ದೇಶದ ಆನ್ಸಿ ಕೋಡ್ ಪೇಜಿನಲ್ಲೂ ಸಿಗದ ಲಿಪಿ ಮೂರೂ ಅದರಲ್ಲಿವೆ. ಮೂರು ಆಪರೇಟಿಂಗ್ ಸಿಸ್ಟಂಗಳಲ್ಲೂ ಅದನ್ನು ಇಡಿ, ಪಟ್ಟಿ ಮಾಡಿ, ತೆರೆಯಿರಿ, ಅಳಿಸಿ. ತಪ್ಪು ಸಿಕ್ಕಿದರೆ ಯೋಜನೆಯ ದೋಷಪಟ್ಟಿಗೆ ಬೈಟುಗಳ ಸಮೇತ ದಾಖಲಿಸಿ.